ಜನಸಂಘಟನೆ: ಅಲಂಕಾರವಲ್ಲ, ಆಡಳಿತದ ಅಂಗ

1987ರ ಮಾತು. ಸೇವೆಗೆ ಸೇರಿ ಎರಡು ವರ್ಷವೂ ತುಂಬಿರದ ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಅಧಿಕಾರಿಯಾಗಿದ್ದೆ. ಬರಪರಿಹಾರದ ಕಾಮಗಾರಿಯಡಿ ಅಲ್ಲಿನ ಹಳ್ಳಿಯೊಂದರ ಕೆರೆಯ ಹೂಳೆತ್ತಿ, ಶಿಥಿಲವಾಗಿದ್ದ ಹಳೆಯ ತೂಬಿನ ಬದಲಿಗೆ ಹೊಸದನ್ನು ಇರಿಸಲಾಯಿತು. ಅಂದಾಜುಪಟ್ಟಿ ಸಿದ್ಧವಾದದ್ದು ಪಟ್ಟಣದ ಕಚೇರಿಯಲ್ಲಿ, ಮಂಜೂರಾತಿ ಸಿಕ್ಕಿದ್ದು ಜಿಲ್ಲಾ ಕೇಂದ್ರದಲ್ಲಿ. ಕಾಮಗಾರಿ ತೃಪ್ತಿಕರವಾಗಿದೆ ಎಂಬ ತಪಾಸಣಾ ವರದಿಗೆ ಸಹಿ ಹಾಕಿದವನು ನಾನು. ಆ ವರ್ಷದ ಹಿಂಗಾರಿನಲ್ಲಿ ಕೆರೆಗೆ ನೀರು ಬಂತು. ಆದರೆ ಹೊಸ ತೂಬು ಹಳೆಯದಕ್ಕಿಂತ ಎತ್ತರದಲ್ಲಿ ಕುಳಿತಿತ್ತು. ಕೆರೆಯಲ್ಲಿ ಇನ್ನೂ ನೀರಿರುವಾಗಲೇ ಕಾಲುವೆ ಒಣಗಿತು. ಅಚ್ಚುಕಟ್ಟಿನ ಕೊನೆಯ ಗದ್ದೆಗಳ ಪೈರು ತೆನೆ ಕಟ್ಟುವ ಮುನ್ನವೇ ಬಾಡಿತು. ದೂರು ಬಂದಾಗ ಸ್ಥಳಕ್ಕೆ ಹೋದೆ. ಏರಿಯ ಮೇಲೆ ನಿಂತಿದ್ದ ಊರಿನ ವೃದ್ಧ ನೀರುಗಂಟಿ ಕೈಮುಗಿದು, “ಸ್ವಾಮಿ, ತೂಬು ಇಡೋಕೆ ಮುಂಚೆ ನಮ್ಮನ್ನೊಂದು ಮಾತು ಕೇಳಿದ್ರೆ ಆಗ್ತಿತ್ತು” ಎಂದರು.

ಮರುವರ್ಷ ಆ ತೂಬನ್ನು ಕಿತ್ತು ಕೆಳಮಟ್ಟದಲ್ಲಿ ಇರಿಸಬೇಕಾಯಿತು. ಸರ್ಕಾರದ ಹಣ ಎರಡು ಬಾರಿ ವೆಚ್ಚವಾಯಿತು. ಕೊನೆಯ ಗದ್ದೆಯವರು ಕಳೆದುಕೊಂಡ ಬೆಳೆಗೆ ಮಾತ್ರ ಯಾವ ಲೆಕ್ಕಶೀರ್ಷಿಕೆಯಲ್ಲೂ ಪರಿಹಾರ ಇರಲಿಲ್ಲ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೊಂದಿಗೆ ಸೇವೆಗೆ ಬಂದಿದ್ದ ನನಗೆ ಅಭಿವೃದ್ಧಿಯ ಮೊದಲ ಪಾಠವನ್ನು ಹೇಳಿಕೊಟ್ಟದ್ದು ಆ ಒಂದು ವಾಕ್ಯ. ಜನರನ್ನು ಕೇಳುವುದು ಸೌಜನ್ಯದ ಪ್ರಶ್ನೆಯಷ್ಟೇ ಅಲ್ಲ, ಅದು ಮಾಹಿತಿಯ ಪ್ರಶ್ನೆಯೂ ಹೌದು, ನ್ಯಾಯದ ಪ್ರಶ್ನೆಯೂ ಹೌದು. ಕೆರೆಯ ಯಾವ ಮೂಲೆಯಲ್ಲಿ ಎಷ್ಟು ಆಳವಿದೆ ಎಂಬುದನ್ನು ನೀರುಗಂಟಿ ಬಲ್ಲ. ಆ ನೀರು ಯಾರ ಗದ್ದೆಗೆ ತಲುಪುವುದಿಲ್ಲ ಎಂಬುದನ್ನು ಕೊನೆಯ ಗದ್ದೆಯವನು ಬಲ್ಲ. ಇವೆರಡೂ ಕಚೇರಿಯ ಕಡತದಲ್ಲಿ ಸಿಗುವ ಸಂಗತಿಗಳಲ್ಲ.

ಸಮುದಾಯ ಸಂಘಟನೆಗಳ ಬಗ್ಗೆ ಇಂದು ಎಲ್ಲರೂ ಒಳ್ಳೆಯ ಮಾತನಾಡುತ್ತಾರೆ. ಸರ್ಕಾರದ ಪ್ರತಿಯೊಂದು ಯೋಜನೆಯ ಮಾರ್ಗಸೂಚಿಯಲ್ಲೂ ಜನರ ಸಹಭಾಗಿತ್ವ ಎಂಬ ಪದವಿದೆ. ಶಾಲೆಗೊಂದು ಸಮಿತಿ, ಕೆರೆಗೊಂದು ಸಂಘ, ಕಾಡಿಗೊಂದು ಸಮಿತಿ, ನೀರಿಗೊಂದು ಸಮಿತಿ, ವಾರ್ಡಿಗೊಂದು ಸಮಿತಿ ಎಂದು ಕಾಗದದ ಮೇಲೆ ಕೊರತೆಯೇನೂ ಇಲ್ಲ. ಇಷ್ಟಿದ್ದೂ ಸಾಮಾನ್ಯ ನಾಗರಿಕನಿಗೆ ತನ್ನ ಬೀದಿಯ ಚರಂಡಿಯ ಬಗ್ಗೆ ಯಾರನ್ನು ಕೇಳಬೇಕೆಂಬುದು ತಿಳಿಯುವುದಿಲ್ಲ. ಈ ವಿಪರ್ಯಾಸ ಏಕೆ? ಸಂಘಟನೆಗಳನ್ನು ನಾವು ಆಡಳಿತದ ಅಂಗವೆಂದು ಪರಿಗಣಿಸದೆ ಅದರ ಅಲಂಕಾರವೆಂದು ಭಾವಿಸಿರುವುದೇ ಇದಕ್ಕೆ ಕಾರಣ ಎಂಬುದು ಮೂರು ದಶಕಗಳ ಅನುಭವದಿಂದ ನಾನು ಕಂಡುಕೊಂಡ ಉತ್ತರ.

ಸಾಮೂಹಿಕ ನಿರ್ವಹಣೆ ಕರ್ನಾಟಕಕ್ಕೆ ಹೊಸದಲ್ಲ. ಕೆರೆಯ ಪೋಷಣೆಗೆಂದು ಭೂಮಿಯನ್ನು, ಬೆಳೆಯ ಪಾಲನ್ನು ಬಿಟ್ಟುಕೊಟ್ಟ ‘ಬಿತ್ತುವಟ್ಟ’ದ ಉಲ್ಲೇಖ ನಮ್ಮ ಶಾಸನಗಳಲ್ಲಿದೆ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸವಾಗಿತ್ತು. ಅದನ್ನು ಕಾಯ್ದುಕೊಳ್ಳುವುದಕ್ಕೆ ವ್ಯವಸ್ಥೆ ಬೇಕೆಂಬ ಅರಿವು ಅಂದಿನವರಿಗಿತ್ತು. ಆಧುನಿಕ ಕಾಲದಲ್ಲಿಯೂ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಒಂದು ಹಳ್ಳಿ ಅದನ್ನು ತನ್ನದಾಗಿಸಿಕೊಂಡಿತು ಎಂಬುದು ಗಮನಾರ್ಹ.

ಆದರೆ ಗತವೈಭವದ ಮೋಹಕ್ಕೆ ಬಲಿಯಾಗುವುದೂ ಸಲ್ಲದು. ಊರಿನ ನೀರನ್ನೆಲ್ಲ ಹಂಚುತ್ತಿದ್ದ ನೀರುಗಂಟಿ ಅನೇಕ ಕಡೆ ದಲಿತ ಸಮುದಾಯದವನಾಗಿದ್ದ. ನೀರಿನ ಬಗ್ಗೆ ತೀರ್ಮಾನ ಕೈಗೊಳ್ಳುವ ಕಟ್ಟೆಯ ಮೇಲೆ ಅವನಿಗೆ ಕೂರಲು ಜಾಗವಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಆ ಕಟ್ಟೆಯ ಹತ್ತಿರ ಸುಳಿಯುವ ಅವಕಾಶವೇ ಇರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತಾ ಡಾ. ಬಿ.ಆರ್. ಅಂಬೇಡ್ಕರ್ ಅವರು ಗ್ರಾಮವನ್ನು ಆಡಳಿತದ ಆದರ್ಶ ಘಟಕವೆಂದು ಒಪ್ಪಲು ನಿರಾಕರಿಸಿದ್ದರ ಹಿಂದೆ ಇದ್ದದ್ದು ಈ ವಾಸ್ತವವೇ. ‘ಸಮುದಾಯ’ ಎಂಬ ಪದವನ್ನು ಬಳಸುವಾಗಲೆಲ್ಲ, ಅದರೊಳಗೆ ಯಾರಿದ್ದಾರೆ, ಯಾರು ಹೊರಗುಳಿದಿದ್ದಾರೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ ನಾವು ಹಳೆಯ ಕಟ್ಟೆಯನ್ನೇ ಹೊಸ ಹೆಸರಿನಲ್ಲಿ ಕಟ್ಟಿದಂತಾಗುತ್ತದೆ.

ಅರ್ಥಶಾಸ್ತ್ರವೂ ಈ ವಿಷಯದಲ್ಲಿ ಸುದೀರ್ಘ ಚರ್ಚೆ ನಡೆಸಿದೆ. ಎಲ್ಲರಿಗೂ ಲಾಭ ತರುವ ಕೆಲಸಕ್ಕೆ ಯಾರೂ ತಾವಾಗಿ ಕೈಹಾಕುವುದಿಲ್ಲ, ಬೇರೆಯವರು ದುಡಿದರೆ ತನಗೂ ಫಲ ಸಿಗುತ್ತದೆಂದು ಪ್ರತಿಯೊಬ್ಬನೂ ಲೆಕ್ಕ ಹಾಕುತ್ತಾನೆ ಎಂಬುದು ಮ್ಯಾನ್ಕರ್ ಓಲ್ಸನ್ 1965ರಲ್ಲಿ ಮಂಡಿಸಿದ ವಾದದ ಸಾರ. ಕೆರೆಯ ಏರಿ ಬಿರುಕು ಬಿಟ್ಟಾಗ ‘ಸರ್ಕಾರ ನೋಡಿಕೊಳ್ಳುತ್ತೆ ಬಿಡಿ’ ಎನ್ನುವ ಮಾತಿನಲ್ಲಿ ಓಲ್ಸನ್ ಇದ್ದಾರೆ. ಇದಕ್ಕೆ ಪ್ರತಿಯಾಗಿ, ನೀರಾವರಿ, ಮೀನುಗಾರಿಕೆ, ಹುಲ್ಲುಗಾವಲು, ಕಾಡುಗಳನ್ನು ಜನರೇ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಉದಾಹರಣೆಗಳನ್ನು ಜಗತ್ತಿನ ಹಲವು ಭಾಗಗಳಿಂದ ಕಲೆಹಾಕಿ 1990ರಲ್ಲಿ ಪುಸ್ತಕ ಬರೆದವರು ಎಲಿನರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಜನ ಸಹಜವಾಗಿ ಒಳ್ಳೆಯವರು ಎಂದು ಅವರು ಹೇಳಲಿಲ್ಲ. ಸಂಪನ್ಮೂಲಕ್ಕೂ ಅದರ ಬಳಕೆದಾರರಿಗೂ ಸ್ಪಷ್ಟವಾದ ಎಲ್ಲೆ ಇರಬೇಕು, ನಿಯಮ ಮಾಡುವುದರಲ್ಲಿ ಬಳಕೆದಾರರಿಗೆ ಪಾಲಿರಬೇಕು, ತಪ್ಪಿದವರಿಗೆ ತಪ್ಪಿನ ಪ್ರಮಾಣಕ್ಕೆ ತಕ್ಕ ದಂಡವಿರಬೇಕು, ಜಗಳ ಬಗೆಹರಿಸಲು ಹತ್ತಿರದಲ್ಲೇ ಒಂದು ವೇದಿಕೆ ಇರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅವರ ಸಂಘಟಿಸುವ ಹಕ್ಕನ್ನು ಸರ್ಕಾರ ಮಾನ್ಯ ಮಾಡಬೇಕು ಎಂಬ ಷರತ್ತುಗಳನ್ನು ಅವರು ಗುರುತಿಸಿದರು. ಕೊನೆಯ ಷರತ್ತಿನಲ್ಲಿಯೇ ನಮ್ಮ ಆಡಳಿತ ಮತ್ತೆ ಮತ್ತೆ ಎಡವಿದೆ.

ಕೆರೆಗಳನ್ನೇ ತೆಗೆದುಕೊಳ್ಳೋಣ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿ ವ್ಯವಸ್ಥೆಯ ವ್ಯಾಪ್ತಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಎಂಬ ಹಂಚಿಕೆ ರೂಢಿಯಲ್ಲಿ ಬಂದಿದೆ. 2000ದಲ್ಲಿ ಜಲ ಸಂವರ್ಧನೆ ಯೋಜನಾ ಸಂಘ ಸ್ಥಾಪನೆಯಾಗಿ, 2002ರಿಂದ ವಿಶ್ವಬ್ಯಾಂಕ್ ನೆರವಿನೊಂದಿಗೆ ಸಮುದಾಯ ಆಧಾರಿತ ಕೆರೆ ನಿರ್ವಹಣೆಯ ದೊಡ್ಡ ಪ್ರಯತ್ನ ನಡೆಯಿತು. ಪ್ರತಿ ಕೆರೆಗೂ ಬಳಕೆದಾರರ ಸಂಘ ರಚಿಸಿ, ಯೋಜನೆ ತಯಾರಿಸುವುದರಿಂದ ಹಿಡಿದು ಕಾಮಗಾರಿ ನಿರ್ವಹಿಸುವವರೆಗೆ ಅದಕ್ಕೆ ಹೊಣೆ ವಹಿಸುವುದು ಅದರ ಉದ್ದೇಶವಾಗಿತ್ತು. ಉದ್ದೇಶ ಶ್ಲಾಘನೀಯ. ಒಳ್ಳೆಯ ಕೆಲಸ ನಡೆದ ಊರುಗಳನ್ನು ನಾನೇ ನೋಡಿದ್ದೇನೆ. ಹೂಳೆತ್ತಿದ ಮಣ್ಣನ್ನು ರೈತರು ತಮ್ಮ ಹೊಲಗಳಿಗೆ ಸಾಗಿಸಿಕೊಂಡು ಹೋಗುವಾಗ ಯಾವ ಲಾರಿಗೆ ಎಷ್ಟು ಎಂದು ಸಂಘದ ಪುಸ್ತಕದಲ್ಲಿ ಬರೆದಿಡುತ್ತಿದ್ದ ಶಿಸ್ತು ಯಾವ ಇಲಾಖೆಯಲ್ಲೂ ಕಂಡಿರಲಿಲ್ಲ.

ಆದರೆ ಯೋಜನೆಯೊಂದಿಗೆ ಹುಟ್ಟಿದ ಸಂಘ ಯೋಜನೆಯೊಂದಿಗೇ ಮಲಗುವುದನ್ನೂ ಕಂಡಿದ್ದೇನೆ. ಕಾಮಗಾರಿ ಮುಗಿದ ಮೇಲೆ ಸಂಘಕ್ಕೆ ಕೆಲಸವೇನು, ಆದಾಯವೇನು? ಕೆರೆಯ ಮೀನು ಹರಾಜಿನ ಹಣ ಯಾರಿಗೆ, ಒಡ್ಡಿನ ಮೇಲಿನ ಮರಗಳು ಯಾರವು, ಒತ್ತುವರಿಯನ್ನು ತೆರವುಗೊಳಿಸುವ ಅಧಿಕಾರ ಯಾರದು? ಈ ಪ್ರಶ್ನೆಗಳು ಇತ್ಯರ್ಥವಾಗದೆ ಉಳಿದಲ್ಲೆಲ್ಲ ಸಂಘಕ್ಕೂ ಗ್ರಾಮ ಪಂಚಾಯತಿಗೂ ಇಲಾಖೆಗೂ ತಿಕ್ಕಾಟ ಶುರುವಾಯಿತು. ಹೊಣೆಯನ್ನು ಕೊಟ್ಟು ಹಕ್ಕನ್ನು ಇಟ್ಟುಕೊಳ್ಳುವುದು ನಮ್ಮ ಆಡಳಿತದ ಹಳೆಯ ಚಾಳಿ. ಶ್ರಮದಾನಕ್ಕೆ ಜನ ಬೇಕು, ಹರಾಜಿಗೆ ಇಲಾಖೆ ಸಾಕು ಎಂಬ ಧೋರಣೆಯಿಂದ ಯಾವ ಸಂಘವೂ ಬಾಳುವುದಿಲ್ಲ. ಜನಭಾಗವಹಿಸುವಿಕೆಯ ಯೋಜನೆಗಳ ಕುರಿತು ಘಜಾಲಾ ಮನ್ಸೂರಿ ಮತ್ತು ವಿಜಯೇಂದ್ರ ರಾವ್ 2013ರಲ್ಲಿ ವಿಶ್ವಬ್ಯಾಂಕಿಗಾಗಿ ಬರೆದ ವಿಸ್ತೃತ ಅಧ್ಯಯನವೂ, ತಾನಾಗಿ ಮೂಡಿದ ಸಂಘಟನೆಗೂ ಮೇಲಿನಿಂದ ಪ್ರೇರೇಪಿಸಿ ಹುಟ್ಟಿಸಿದ ಸಂಘಟನೆಗೂ ಇರುವ ವ್ಯತ್ಯಾಸವನ್ನು ಗುರುತಿಸಿ, ಎರಡನೆಯದಕ್ಕೆ ಸಮರ್ಥ ಸರ್ಕಾರದ ದೀರ್ಘಕಾಲದ ಬೆಂಬಲ ಅಗತ್ಯ ಎಂಬ ಎಚ್ಚರಿಕೆಯನ್ನು ನೀಡಿದೆ.

ಹಾಗಿದ್ದರೆ ಬಾಳಿದ ಸಂಘಟನೆಗಳು ಯಾವುವು? ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ನೋಡಿ. ದಿನಕ್ಕೆ ಎರಡು ಬಾರಿ ಜನ ಅಲ್ಲಿ ಸೇರುತ್ತಾರೆ. ಹಾಲಿನ ಅಳತೆ, ಜಿಡ್ಡಿನಂಶದ ಪರೀಕ್ಷೆ ಕಣ್ಣೆದುರೇ ನಡೆಯುತ್ತದೆ, ಬಟವಾಡೆ ನಿಯಮಿತವಾಗಿ ಆಗುತ್ತದೆ. ಲೆಕ್ಕ ಕಣ್ಣಿಗೆ ಕಾಣುವಲ್ಲಿ ನಂಬಿಕೆ ಬೆಳೆಯುತ್ತದೆ. ಮಹಿಳೆಯರ ಸ್ವಸಹಾಯ ಗುಂಪುಗಳ ಕಥೆಯೂ ಇದೇ. 1980ರ ದಶಕದ ಮಧ್ಯಭಾಗದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದಾಗ, ದೊಡ್ಡ ಸಹಕಾರ ಸಂಘಗಳು ಒಡೆದು ಪರಸ್ಪರ ನಂಬಿಕೆಯುಳ್ಳವರ ಸಣ್ಣ ಗುಂಪುಗಳು ರೂಪುಗೊಂಡವು. ಆ ಅನುಭವದ ಬೆಂಬಲದಿಂದ 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ವಾರಕ್ಕೊಮ್ಮೆ ಸೇರುವ, ನಡಾವಳಿ ಬರೆಯುವ, ಲೆಕ್ಕ ಓದಿ ಹೇಳುವ ಈ ಗುಂಪುಗಳೇ ಗ್ರಾಮಸಭೆಯಲ್ಲಿ ಎದ್ದುನಿಂತು ಮಾತನಾಡುವ ಮೊದಲ ತಲೆಮಾರಿನ ಹಳ್ಳಿಯ ಹೆಂಗಸರನ್ನು ಸಿದ್ಧಗೊಳಿಸಿದವು. ಉಳಿತಾಯಕ್ಕಿಂತ ದೊಡ್ಡ ಗಳಿಕೆ ಇದು.

ಇಲ್ಲಿಯೂ ಎಚ್ಚರ ಬೇಕು. ಗುಂಪಿನ ಪರಸ್ಪರ ನಂಬಿಕೆಯನ್ನು ಸಾಲ ವಸೂಲಿಯ ಸಾಧನವಾಗಿ ಬಳಸಿಕೊಂಡಾಗ ಏನಾಗುತ್ತದೆ ಎಂಬುದನ್ನು ರಾಜ್ಯ ಕಂಡಿದೆ. ಕಿರುಸಾಲದ ವಸೂಲಿಯಲ್ಲಿ ಕಿರುಕುಳ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಬ್ಬಳು ಕಂತು ಕಟ್ಟಲಾಗದಿದ್ದರೆ ಉಳಿದವರು ಅವಳ ಮನೆಮುಂದೆ ಕೂರಬೇಕೆಂಬ ಒತ್ತಡ ಬಂದ ದಿನ ಗುಂಪು ಸಂಘಟನೆಯಾಗಿ ಉಳಿಯುವುದಿಲ್ಲ, ವಸೂಲಿಯ ಶಾಖೆಯಾಗುತ್ತದೆ. ಹಾಗೆಯೇ, ಸಭೆಗೆ ಜನ ಸೇರಿಸಲು, ಸಮಾವೇಶಕ್ಕೆ ಬಸ್ಸು ತುಂಬಲು ಇವರನ್ನು ಕರೆಯುವ ಪರಿಪಾಠವೂ ನಿಲ್ಲಬೇಕು.

ಇನ್ನು ನಗರಗಳ ಮಾತು. 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳಿತು. ರಾಜ್ಯದಲ್ಲಿ 2011ರ ತಿದ್ದುಪಡಿಯು ಪ್ರತಿ ವಾರ್ಡಿಗೂ ಸಮಿತಿ ಇರಬೇಕೆಂದಿತು. ಪಾಲಿಕೆ ಸದಸ್ಯರ ಅಧ್ಯಕ್ಷತೆಯ ಆ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನ ಕಲ್ಪಿಸಿತು. ಇದರ ನಿಯಮಾವಳಿ ಬಂದದ್ದು 2016ರಲ್ಲಿ. ಅಂದರೆ ಸಂವಿಧಾನದ ಆಶಯ ಕಡತದಿಂದ ನಿಯಮದವರೆಗೆ ನಡೆದುಬರಲು 23 ವರ್ಷ ಹಿಡಿಯಿತು. ಅದಕ್ಕೂ ಕಸದ ಪ್ರಕರಣವನ್ನು ವಿಚಾರಣೆ ನಡೆಸುತ್ತಿದ್ದ ಹೈಕೋರ್ಟಿನ ಚಾಟಿ ಬೇಕಾಯಿತು.

ಕಸದ ಆ ಪ್ರಕರಣವೇ ಒಂದು ಪಾಠ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರದ ಗ್ರಾಮಸ್ಥರು ಇನ್ನು ಸಾಕೆಂದು ತಿರುಗಿ ನಿಂತು, 2012ರಲ್ಲಿ ಅಲ್ಲಿನ ಭರ್ತಿ ತಾಣ ಮುಚ್ಚಿತು. ಬೀದಿಗಳಲ್ಲಿ ಕಸದ ರಾಶಿ ಬಿದ್ದಾಗ ನಗರ ಎಚ್ಚೆತ್ತಿತು. ಆಮೇಲೆ ಮೂಲದಲ್ಲೇ ಕಸ ಬೇರ್ಪಡಿಸುವ ಪದ್ಧತಿಯನ್ನು ತಮ್ಮ ಮನೆ, ಬಡಾವಣೆಗಳಲ್ಲಿ ಪ್ರಯೋಗ ಮಾಡಿ ತೋರಿಸಿದವರು ನಾಗರಿಕರ ಗುಂಪುಗಳು. ಆ ಗುಂಪುಗಳ ಶ್ರಮ ದೊಡ್ಡದು, ಸಂಶಯವಿಲ್ಲ. ಆದರೆ ನಗರವನ್ನು ಬದಲಾವಣೆಯ ದಾರಿಗೆ ತಂದದ್ದು ಮೊದಲಿಗೆ ಒಂದು ಹಳ್ಳಿಯ ಪ್ರತಿಭಟನೆ ಎಂಬುದನ್ನು ಮರೆಯಬಾರದು. ಸಮುದಾಯ ಸಂಘಟನೆ ಎಂದರೆ ಆಡಳಿತಕ್ಕೆ ಸಹಕರಿಸುವವರು ಮಾತ್ರವಲ್ಲ, ಆಡಳಿತಕ್ಕೆ ಇಲ್ಲ ಎನ್ನುವವರೂ ಹೌದು.

ಬೆಂಗಳೂರಿನ ಕೆರೆಗಳ ವಿಷಯದಲ್ಲೂ ಹಾಗೆಯೇ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ನಂತರದ ವರ್ಷಗಳಲ್ಲಿ ಹೆಬ್ಬಾಳ, ನಾಗವಾರದಂತಹ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ನೀಡಲಾಯಿತು. ಕೆರೆ ಮಾರಾಟದ ವಸ್ತುವಲ್ಲವೆಂದು ನಾಗರಿಕ ಸಂಘಟನೆಗಳು ಹೈಕೋರ್ಟಿನ ಮೊರೆಹೋದವು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ ವರದಿ ನೀಡಿ, 2012ರಲ್ಲಿ ನ್ಯಾಯಾಲಯ ಕೆರೆಗಳ ಸಂರಕ್ಷಣೆಗೆ ವಿಸ್ತೃತ ಆದೇಶ ಹೊರಡಿಸಿತು. ಇದೇ ಅವಧಿಯಲ್ಲಿ ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿ ಮುಂತಾದ ಕೆರೆಗಳ ಸುತ್ತಲಿನ ನಿವಾಸಿಗಳು ಪಾಲಿಕೆಯೊಂದಿಗೆ ಸೇರಿ ಕೆರೆಗಳಿಗೆ ಮರುಜೀವ ತಂದರು. ಪುಟ್ಟೇನಹಳ್ಳಿಯ ನಿವಾಸಿಗಳ ಟ್ರಸ್ಟ್ 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದವನ್ನೇ ಮಾಡಿಕೊಂಡಿತು. ಬತ್ತಿದ್ದ ಕೆರೆಗೆ ಹಕ್ಕಿ ಮರಳಿದ್ದು ಸಣ್ಣ ಸಂಗತಿಯಲ್ಲ. ಆದರೂ ಪ್ರಶ್ನೆಯೊಂದು ಉಳಿಯುತ್ತದೆ. ಕೆರೆಗೆ ಬೇಲಿ ಬಿದ್ದು, ನಡಿಗೆಯ ಹಾದಿ ಬಂದು, ವೇಳಾಪಟ್ಟಿ ತೂಗುಹಾಕಿದ ಮೇಲೆ, ಹಿಂದೆ ಅಲ್ಲಿ ಬಟ್ಟೆ ಒಗೆಯುತ್ತಿದ್ದವರು, ದನಕ್ಕೆ ಹುಲ್ಲು ಕೊಯ್ಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು ಎಲ್ಲಿಗೆ ಹೋದರು? ಅವರನ್ನೂ ಸಮಿತಿಗೆ ಕರೆದ ಕಡೆ ಕೆರೆ ಊರಿನದಾಗಿ ಉಳಿದೀತು. ಕರೆಯದ ಕಡೆ ಅದು ಉದ್ಯಾನವಾದೀತು, ಅಷ್ಟೆ.

ನಿವಾಸಿಗಳ ಸಂಘಗಳ ಮಿತಿ ಇರುವುದು ಇಲ್ಲಿ. ದೆಹಲಿಯಲ್ಲಿ 2000ದಲ್ಲಿ ಆರಂಭವಾದ ‘ಭಾಗೀದಾರಿ’ ಯೋಜನೆ ನಿವಾಸಿಗಳ ಸಂಘಗಳನ್ನು ಸರ್ಕಾರದ ಪಾಲುದಾರರನ್ನಾಗಿಸಿತು. ಕೊಳೆಗೇರಿಗಳೂ ಅನಧಿಕೃತ ಬಡಾವಣೆಗಳೂ ಬಹುಮಟ್ಟಿಗೆ ಹೊರಗುಳಿದವೆಂಬ ಟೀಕೆ ಅದಕ್ಕೆ ಅಂಟಿಕೊಂಡಿತು. ನಮ್ಮಲ್ಲಿಯೂ ಅನೇಕ ಸಂಘಗಳಲ್ಲಿ ಸ್ವಂತ ಮನೆಯಿದ್ದವರಿಗೆ ಮಾತ್ರ ಸದಸ್ಯತ್ವ. ಬಾಡಿಗೆಯವರು, ಮನೆಗೆಲಸದವರು, ಪೌರಕಾರ್ಮಿಕರು, ಬೀದಿಬದಿ ವ್ಯಾಪಾರಿಗಳು ಬಡಾವಣೆಯನ್ನು ನಡೆಸುತ್ತಾರೆ, ಆದರೆ ಬಡಾವಣೆಯ ಸಭೆಯಲ್ಲಿ ಇರುವುದಿಲ್ಲ. ಇದಕ್ಕೆ ಹೋಲಿಸಿದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೆಚ್ಚು ವಿವೇಕಯುತ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಂದಲೇ ಚುನಾಯಿತರಾದವರಿಗೆ ಎಂದು ಅದು ವಿಧಿಸಿದೆ. ಬಡವರ ಸಂಘಟನೆಗೂ ಕಾನೂನಿನ ಆಸರೆ ನೀಡಬಹುದು ಎಂಬುದಕ್ಕೆ ಇದು ನಿದರ್ಶನ.

ಇನ್ನೊಂದು ಅಪಾಯ ಸದ್ದಿಲ್ಲದೆ ಬೆಳೆದಿದೆ. ಸೇವೆ ಕೆಟ್ಟಾಗ ಜನರ ಮುಂದೆ ಎರಡು ದಾರಿಗಳಿರುತ್ತವೆ: ಬಿಟ್ಟುಹೋಗುವುದು ಅಥವಾ ದನಿ ಎತ್ತುವುದು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿಯೇ ಇದನ್ನು ವಿವರಿಸಿದ್ದರು. ದನಿ ಎತ್ತಬಲ್ಲವರೇ ಮೊದಲು ಬಿಟ್ಟುಹೋದರೆ ಸೇವೆ ಇನ್ನಷ್ಟು ಕೆಡುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆದದ್ದು ಇದೇ. 2001ರಲ್ಲಿ ರಾಜ್ಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ನಾಲ್ಕನೇ ಮೂರರಷ್ಟು ಸದಸ್ಯರು ಪೋಷಕರೇ ಇರಬೇಕೆಂದಿತು. ವ್ಯವಸ್ಥೆ ಒಳ್ಳೆಯದೇ. ಆದರೆ ಅಷ್ಟರೊಳಗೆ ಊರಿನ ಅನುಕೂಲಸ್ಥರು, ಅಧಿಕಾರಿಗಳು, ಸ್ವತಃ ಶಿಕ್ಷಕರಲ್ಲಿ ಹಲವರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿಯಾಗಿತ್ತು. ಸಮಿತಿಯಲ್ಲಿ ಉಳಿದವರು ದಿನಗೂಲಿ ಬಿಟ್ಟು ಸಭೆಗೆ ಬರಬೇಕಾದ ತಂದೆ ತಾಯಂದಿರು. ಕುಡಿಯುವ ನೀರಿನ ಕಥೆಯೂ ಬೇರೆಯಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರಕ್ಕೆ ಆಡಳಿತವೇ ಮಿತಿ ಹೇರಬೇಕಾಗಿ ಬಂದಾಗ, ಅಪಾರ್ಟ್‌ಮೆಂಟುಗಳ ಸಂಘಗಳು ತಮ್ಮ ಆವರಣದೊಳಗೆ ನೀರಿನ ಹಂಚಿಕೆಯನ್ನು ಶಿಸ್ತಿನಿಂದ ನಿರ್ವಹಿಸಿದವು. ಮೆಚ್ಚತಕ್ಕದ್ದೇ. ಆದರೆ ಕಾಂಪೌಂಡಿನ ಆಚೆ ಬಿಂದಿಗೆ ಹಿಡಿದು ನಿಂತವರ ಪರವಾಗಿ ಅದೇ ಶಿಸ್ತು ಕೆಲಸ ಮಾಡಿತೇ? ಗೋಡೆಯೊಳಗಿನ ಸಂಘಟನೆ ನಾಗರಿಕತೆಯ ಅರ್ಧ ಭಾಗ ಮಾತ್ರ.

ಹಾಗೆಂದು ಸಂಘಗಳೇ ಸರ್ಕಾರವಾಗಲಿ ಎಂಬುದು ನನ್ನ ವಾದವಲ್ಲ. ವಾಸ್ತವವಾಗಿ ನನಗಿರುವ ದೊಡ್ಡ ಆತಂಕ ಇದರ ವಿರುದ್ಧ ದಿಕ್ಕಿನದು. ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ ರೂಪುಗೊಂಡ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ, ಮಹಿಳೆಯರಿಗೆ ಶೇ 25ರ ಮೀಸಲಾತಿಯೊಂದಿಗೆ ಕರ್ನಾಟಕ ಇಡೀ ದೇಶಕ್ಕೆ ದಾರಿ ತೋರಿತ್ತು. ಅಂತಹ ರಾಜ್ಯದಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಬಳಿಕವೂ ಹಾಗೆಯೇ ಆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು ನಗರ ಐದು ಪಾಲಿಕೆಗಳಾಗಿ ವಿಭಜನೆಯಾದಾಗಲೂ, ಆ ವಿಭಜನೆಯ ಕುರಿತು ವಾರ್ಡಿನ ಜನರ ಪರವಾಗಿ ಮಾತನಾಡಲು ಚುನಾಯಿತ ಪಾಲಿಕೆ ಸದಸ್ಯರೇ ಇರಲಿಲ್ಲ. ಈ ನಿರ್ವಾತದಲ್ಲಿ ಅಧಿಕಾರಿಗಳು ನಿವಾಸಿಗಳ ಸಂಘಗಳೊಂದಿಗೆ ಸಭೆ ನಡೆಸಿ, ಜನಾಭಿಪ್ರಾಯ ಪಡೆದೆವೆಂದು ದಾಖಲಿಸುವ ಪರಿಪಾಠ ಬೆಳೆಯಿತು. ಸಂಘದ ಕಾರ್ಯದರ್ಶಿ ಎಷ್ಟೇ ಪ್ರಾಮಾಣಿಕನಿರಲಿ, ಅವನಿಗೆ ಊರು ಮತ ಹಾಕಿಲ್ಲ, ಅವನನ್ನು ಇಳಿಸುವ ಅಧಿಕಾರವೂ ಊರಿಗಿಲ್ಲ. ಚುನಾಯಿತ ಸಂಸ್ಥೆಯ ಬದಲಿಗೆ ಸಂಘವನ್ನು ಕೂರಿಸುವುದು ಪ್ರಜಾಪ್ರಭುತ್ವಕ್ಕೂ ಒಳಿತಲ್ಲ, ಸಂಘಕ್ಕೂ ಒಳಿತಲ್ಲ. ಪಾಲಿಕೆ ಸದಸ್ಯನ ಪಕ್ಕದಲ್ಲಿ ಕುಳಿತು ಅವನನ್ನು ಪ್ರಶ್ನಿಸುವುದು, ಅವನಿಗೆ ನೆರವಾಗುವುದು ಸಂಘದ ಕೆಲಸ. ಅವನ ಕುರ್ಚಿಯಲ್ಲಿ ಕೂರುವುದಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕಾಯ್ದೆಗಳ ಅಗತ್ಯ ನನಗೆ ಕಾಣುವುದಿಲ್ಲ. ಇರುವುದನ್ನು ಪಾಲಿಸಿದರೆ ಸಾಕು. ಮೊದಲನೆಯದಾಗಿ, ಸ್ಥಳೀಯ ಸಂಸ್ಥೆಗಳ ಚುನಾವಣೆ ಅವಧಿ ಮುಗಿಯುವ ಮೊದಲೇ ನಡೆಯಬೇಕು. ಇದು ಸಂವಿಧಾನದ ಆಜ್ಞೆ, ಸರ್ಕಾರದ ಅನುಕೂಲದ ವಿಷಯವಲ್ಲ. ಎರಡನೆಯದಾಗಿ, ಗ್ರಾಮಸಭೆ, ವಾರ್ಡ್ ಸಭೆ, ವಾರ್ಡ್ ಸಮಿತಿಗಳಲ್ಲಿ ಕೈಗೊಂಡ ನಿರ್ಣಯಗಳ ಅನುಪಾಲನಾ ವರದಿಯನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಓದಬೇಕು. ಒಪ್ಪದ ನಿರ್ಣಯಕ್ಕೆ ಏಕೆ ಒಪ್ಪಲಿಲ್ಲವೆಂದು ಲಿಖಿತ ಕಾರಣ ಕೊಡಬೇಕು. ಜನ ಸಭೆಗೆ ಬರುವುದನ್ನು ನಿಲ್ಲಿಸಿರುವುದು ಉದಾಸೀನದಿಂದಲ್ಲ. ಹೋದ ಸಲ ಹೇಳಿದ್ದು ಏನಾಯಿತೆಂದು ಯಾರೂ ಹೇಳದಿರುವುದರಿಂದ. ಮೂರನೆಯದಾಗಿ, ಟೆಂಡರ್ ಕರೆಯುವ ಮೊದಲು ಅಂದಾಜುಪಟ್ಟಿಯನ್ನು ಸ್ಥಳದಲ್ಲೇ, ಕನ್ನಡದಲ್ಲಿ, ಬಳಕೆದಾರರ ಮುಂದೆ ಓದಿ ಹೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕೆಂದು ಹೇಳುತ್ತದೆ. ಅದರ ಅರ್ಥ ಇದೇ.

ನಾಲ್ಕನೆಯದಾಗಿ, ಹೊಣೆಯೊಂದಿಗೆ ಆದಾಯವನ್ನೂ ವಹಿಸಿಕೊಡಬೇಕು. ಕೆರೆ ನೋಡಿಕೊಳ್ಳುವ ಸಂಘಕ್ಕೆ ಮೀನು ಹರಾಜಿನಲ್ಲಿ ನಿಶ್ಚಿತ ಪಾಲು, ವಾರ್ಡ್ ಸಮಿತಿಗೆ ಸಣ್ಣ ದುರಸ್ತಿಗಳಿಗಾಗಿ ಷರತ್ತಿಲ್ಲದ ಸಣ್ಣ ನಿಧಿ ಇರಲಿ. ಮೊತ್ತ ದೊಡ್ಡದಿರಬೇಕಾಗಿಲ್ಲ, ಆದರೆ ತೀರ್ಮಾನ ಅವರದಾಗಿರಬೇಕು. ಕೇರಳವು 1996ರಲ್ಲಿ ಜನಯೋಜನೆ ಆರಂಭಿಸಿದಾಗ ರಾಜ್ಯದ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ವರ್ಗಾಯಿಸಲು ನಿರ್ಧರಿಸಿತು. ತೀರ್ಮಾನಿಸಲು ಹಣವಿದ್ದುದರಿಂದಲೇ ಅಲ್ಲಿ ಗ್ರಾಮಸಭೆಗೆ ಜನ ಬಂದರು.

ಐದನೆಯ ಮಾತು ಸಂಘಗಳಿಗೇ. ಪದಾಧಿಕಾರಿಗಳು ಅವಧಿ ಮುಗಿದಾಗ ಬದಲಾಗಲಿ. ಬಾಡಿಗೆದಾರರಿಗೂ ಮತದ ಹಕ್ಕು ಇರಲಿ. ಸಭೆಯ ಸಮಯ ದುಡಿಯುವವರಿಗೆ ಹೊಂದುವಂತಿರಲಿ. ಜಮಾ ಖರ್ಚಿನ ಪಟ್ಟಿ ನೋಟಿಸ್ ಫಲಕದಲ್ಲಿ ಕಾಣಲಿ. ಸರ್ಕಾರದಿಂದ ಪಾರದರ್ಶಕತೆಯನ್ನು ಬಯಸುವವರು ಅದನ್ನು ತಮ್ಮಲ್ಲಿ ಮೊದಲು ತರಬೇಕು.

ಜನರನ್ನು ಕೇಳುತ್ತಾ ಕುಳಿತರೆ ಕೆಲಸ ತಡವಾಗುತ್ತದೆ, ಹಣ ವಾಪಸ್ ಹೋಗುತ್ತದೆ ಎಂಬುದು ಸೇವೆಯಲ್ಲಿರುವ ನನ್ನ ಕಿರಿಯ ಮಿತ್ರರು ಎತ್ತುವ ಆಕ್ಷೇಪ. ಇದರಲ್ಲಿ ಹುರುಳಿಲ್ಲವೆನ್ನಲಾರೆ. ಮಾರ್ಚ್ ತಿಂಗಳ ಕೊನೆಯ ವಾರದ ಒತ್ತಡವನ್ನು ಅನುಭವಿಸಿದವನು ನಾನು. ಗ್ರಾಮಸಭೆಯ ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳುಹಿಸಿ ಸಹಿ ತರಿಸಿ, ಸಭೆ ನಡೆಯಿತೆಂದು ಒಪ್ಪಿಕೊಂಡ ದಿನಗಳೂ ನನ್ನ ಸೇವಾವಧಿಯಲ್ಲಿವೆ. ಆ ಸಹಿಗಳಿಂದ ಲೆಕ್ಕಪರಿಶೋಧನೆ ಸುಸೂತ್ರವಾಗಿ ಮುಗಿಯಿತು; ಊರಿನಲ್ಲಿ ಯಾವ ಸಮಸ್ಯೆಯೂ ಮುಗಿಯಲಿಲ್ಲ. ಒಂದು ತಿಂಗಳ ವಿಳಂಬಕ್ಕೆ ಹೆದರಿ ನಾವು ಒಂದು ತಪ್ಪು ತೂಬನ್ನು ಇರಿಸುತ್ತೇವೆ. ಆಮೇಲೆ ಅದನ್ನು ಕೀಳಲು ಒಂದು ವರ್ಷ ಬೇಕಾಗುತ್ತದೆ. ಕೇಳುವುದಕ್ಕೆ ತಗಲುವ ಸಮಯವನ್ನು ನಾವು ಲೆಕ್ಕ ಹಾಕುತ್ತೇವೆ, ಕೇಳದಿದ್ದುದರ ನಷ್ಟವನ್ನು ಲೆಕ್ಕ ಹಾಕುವುದಿಲ್ಲ.

ನಿವೃತ್ತಿಯ ನಂತರ ಒಮ್ಮೆ ಆ ಹಳ್ಳಿಗೆ ಹೋಗಿದ್ದೆ. ಆ ನೀರುಗಂಟಿ ಈಗಿಲ್ಲ. ಅವರ ನಂತರ ಆ ಕೆಲಸವನ್ನು ಯಾರೂ ಕೈಗೆತ್ತಿಕೊಂಡಿಲ್ಲ. ಅಚ್ಚುಕಟ್ಟಿನ ಬಹುಪಾಲು ಕೊಳವೆಬಾವಿಯನ್ನು ನಂಬಿಕೊಂಡಿದೆ. ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು. ಏರಿಯ ಮೇಲೆ ಸಿಕ್ಕಿದ ಮಹಿಳಾ ಸಂಘದ ಇಬ್ಬರು ಸದಸ್ಯೆಯರು, ಜಾಲಿ ತೆಗೆಸಬೇಕೆಂದು ಎರಡು ಗ್ರಾಮಸಭೆಗಳಲ್ಲಿ ಬರೆಸಿದ್ದೇವೆ, ಉತ್ತರ ಬಂದಿಲ್ಲ ಎಂದರು. ನಡಾವಳಿಯ ಪ್ರತಿಯನ್ನೂ ತೋರಿಸಿದರು. ದಿನಾಂಕ, ನಿರ್ಣಯದ ಸಂಖ್ಯೆ ಎಲ್ಲವೂ ಅದರಲ್ಲಿತ್ತು. ಮೂವತ್ತು ವರ್ಷಗಳ ಹಿಂದೆ ಆ ಊರಿನಲ್ಲಿ ಒಬ್ಬ ವೃದ್ಧ ಕೈಮುಗಿದು ಹೇಳಿದ್ದ ಮಾತನ್ನು ಈಗ ಇಬ್ಬರು ಹೆಂಗಸರು ಕಾಗದದ ಮೇಲೆ ಬರೆಸಿ, ನೆಟ್ಟನೆ ನಿಂತು ಕೇಳುತ್ತಿದ್ದಾರೆ. ಇಷ್ಟು ದೂರ ಜನ ನಡೆದು ಬ‌ಂದಿದ್ದಾರೆ. ಅವರ ಮೂರನೇ ಅರ್ಜಿಗಾದರೂ ಉತ್ತರ ಕೊಡುವ ಹೊಣೆ ಆಡಳಿತದ್ದು.